ಅಕ್ಕ ಕೈಬೀಸಿ ನಡೆದದ್ದು

ಮಾರ್ಚ್ 2, ಸೋಮವಾರ

ಅಕ್ಕನ ಕೈಗೆ ಫೋನ್ ಕೊಟ್ಟಿದ್ದೇ ನನ್ನ ತಪ್ಪು. ಇಪ್ಪತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ರಿಸೀವರ್ ಕೈಗೆ ಬಂತೆಂದರೆ ಅರವತ್ಮೂರರ ಹೆಂಗಸಿಗೆ ಮಹಾರಾಣಿಯ ಗತ್ತು ಬಂದುಬಿಡುತ್ತದೆ. ಮಹಡಿಯ ಎರಡು ಕೋಣೆಗಳನ್ನು ಎರಡು ದಿನ, ನಾಲ್ಕು ದಿನಕ್ಕೆಂದು ಬರುವವರಿಗೆ ಬಾಡಿಗೆಗೆ ಕೊಡುತ್ತೇವೆ. ಬುಕಿಂಗ್ ಮಾತುಕತೆ ಅವಳದು. ಹಾಸಿಗೆ, ಟವೆಲ್, ಬಾತ್‌ರೂಮ್ ನನ್ನದು. ಕಣ್ಣು ಕಾಣದಿದ್ದರೇನು, ದನಿ ಕೇಳಿಯೇ ಇವನು ಗಲಾಟೆ ಗಿರಾಕಿ, ಇವಳು ಹೋಗುವಾಗ ಸೋಪು ಕೂಡ ಬಿಡುವವಳಲ್ಲ ಎಂದು ಕರಾರುವಾಕ್ಕಾಗಿ ಹೇಳುತ್ತಾಳೆ. ಅಂಥ ಕಿವಿ ಇವತ್ತು ಕೈಕೊಟ್ಟಿತು.

ಸಂಜೆ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ನೆಲ ಒರೆಸುವ ದ್ರಾವಣದ ಜಾಹೀರಾತಂತೆ. ಹೋದ ತಿಂಗಳು ಉಳಿದಿದ್ದ ಅತಿಥಿಯೊಬ್ಬ ನಮ್ಮ ನಡುಮನೆಯ ನೆಲದ ಫೋಟೋವನ್ನು ಯಾರಿಗೋ ತೋರಿಸಿದನಂತೆ. ಕಪ್ಪು ಬಿಳುಪು ಹೆಂಚಿನ ಅಂಥ ನೆಲ ಬೇರೆಲ್ಲೂ ಸಿಗುತ್ತಿಲ್ಲವಂತೆ. ಚಿತ್ರೀಕರಣಕ್ಕೆ ಬರುತ್ತಾರಂತೆ.

"ಹೂಂ ಅಂದ್ಯಾ?"

"ಹೂಂ ಅಂದೆ. ಏನೀಗ?"

"ಗೋಡೆ ಮೇಲೆ ನಿಯಮ ಅಂತ ಒಂದು ಹಾಳೆ ಅಂಟಿಸಿದೀನಲ್ಲ, ಮೂರನೇದು ಏನು? ವಾಣಿಜ್ಯ ಉದ್ದೇಶದ ಫೋಟೋ, ಚಿತ್ರೀಕರಣಕ್ಕೆ ಅವಕಾಶವಿಲ್ಲ ಅಂತ."

"ನನಗೆಲ್ಲಿ ಓದೋಕೆ ಬರುತ್ತೆ ಪುಟ್ಟು?" ಎಂದು ಹಲ್ಲು ಕಿರಿದಳು. ನನಗೆ ಐವತ್ತೇಳು ವರ್ಷ. ಸರ್ವೇಯರ್ ಆಗಿದ್ದು ಸ್ವಯಂನಿವೃತ್ತಿ ಪಡೆದವನು. ಇನ್ನೂ ಪುಟ್ಟು.

ಮಾರ್ಚ್ 3, ಮಂಗಳವಾರ

ನಿದ್ದೆ ಸರಿಯಾಗಲಿಲ್ಲ. ಯಾಕೆ ಬೇಡವೆನ್ನುತ್ತೇನೆ ಎಂದು ಇಲ್ಲಾದರೂ ನೆಟ್ಟಗೆ ಬರೆದುಕೊಳ್ಳುತ್ತೇನೆ.

ಹನ್ನೊಂದು ವರ್ಷದ ಹಿಂದೆ ಫ್ಯಾನ್ ಒರೆಸಲು ಏಣಿ ತಂದಿದ್ದೆ. ಒರೆಸಿ, ಏಣಿಯನ್ನು ಬಚ್ಚಲಮನೆಯ ದಾರಿಯಲ್ಲೇ ಬಿಟ್ಟು, ಹೊರಗೆ ಯಾರೋ ಕರೆದರೆಂದು ಹೋದೆ. ಅಕ್ಕನಿಗೆ ಹೇಳಲಿಲ್ಲ. ಸ್ನಾನ ಮುಗಿಸಿ ಬಂದವಳು ಏಣಿಗೆ ಸಿಕ್ಕಿಕೊಂಡು ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಸರಿಯಾಗಿ ಕೂಡಲಿಲ್ಲ, ಇವತ್ತಿಗೂ ಟೀ ಬಗ್ಗಿಸುವುದು ಎಡಗೈಯಲ್ಲೇ.

ಅವತ್ತಿನಿಂದ ಈ ಮನೆಯಲ್ಲಿ ಒಂದು ಕುರ್ಚಿಯೂ ಕದಲಿಲ್ಲ. ನಾನೇ ಅಳೆದು ನಕ್ಷೆ ಬರೆದಿದ್ದೇನೆ. ಅಕ್ಕನ ಕೋಣೆಯ ಬಾಗಿಲಿನಿಂದ ಸೋಫಾದ ಬೆನ್ನಿಗೆ ನಾಲ್ಕು ಅಡಿ ಎರಡು ಇಂಚು. ಸೋಫಾದಿಂದ ಊಟದ ಮೇಜಿಗೆ ಐದು ಅಡಿ. ಒಂದೊಂದು ಕಾಲಿನ ಕೆಳಗೂ ನೆಲಕ್ಕೆ ಕೆಂಪು ಬಣ್ಣದ ಚುಕ್ಕಿ ಇಟ್ಟಿದ್ದೇನೆ. ತಿಂಡಿಗೆ ಕೆಳಗೆ ಬರುವ ಅತಿಥಿಗಳು ಕುರ್ಚಿ ಎಳೆದು ಕೂತು ಎದ್ದುಹೋದ ಮೇಲೆ ನನ್ನ ಮೊದಲ ಕೆಲಸ ಅವನ್ನು ಚುಕ್ಕಿಗೆ ಕೂರಿಸುವುದು. ಹನ್ನೊಂದು ವರ್ಷದಲ್ಲಿ ಅಕ್ಕ ಒಮ್ಮೆಯೂ ಎಡವಿಲ್ಲ. ಈಗ ಒಂದು ಲಾರಿ ತುಂಬ ಜನ ಬಂದು ಎಲ್ಲವನ್ನೂ ಎತ್ತಿ ಒಗೆಯುತ್ತಾರೆ.

"ಮೂರೇ ದಿನ ಕಣೋ. ಮನೇಲಿ ನಾಲ್ಕು ಜನ ಓಡಾಡಲಿ. ನಿನ್ನ ದನಿ ಒಂದನ್ನೇ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ" ಎಂದಳು.

ಮಾತು ಬಿಟ್ಟಿದ್ದೇನೆ.

ಮಾರ್ಚ್ 6, ಶುಕ್ರವಾರ

ಮನೆ ನೋಡಲು ಮೂವರು ಬಂದರು. ಕೂದಲು ಗಿಡ್ಡ ಕತ್ತರಿಸಿಕೊಂಡ ನಿರ್ದೇಶಕಿ, ಸಾಮಾನು ಜೋಡಿಸುವ ಜವಾಬ್ದಾರಿಯ ದಢೂತಿ ಮನುಷ್ಯ, ಕುತ್ತಿಗೆಗೆ ಹೆಡ್‌ಫೋನ್ ಹಾಕಿಕೊಂಡ ಧ್ವನಿಯವನು. ನಾನು ಷರತ್ತುಗಳ ಪಟ್ಟಿ ಕೈಗಿತ್ತೆ. ಎರಡು ಪುಟ. ನಿರ್ದೇಶಕಿ ಪೂರ್ತಿ ಓದಿದಳು. ಅದೊಂದು ಮೆಚ್ಚತಕ್ಕ ವಿಷಯ.

"ನಡುಮನೆ ಪೂರ್ತಿ ಖಾಲಿ ಆಗ್ಬೇಕು ಸರ್. ನಮ್ಮ ನಟಿ ಕಾಲುಚೀಲ ಹಾಕ್ಕೊಂಡು ಈ ಗೋಡೆಯಿಂದ ಆ ಗೋಡೆವರೆಗೂ ಜಾರ್ತಾಳೆ."

"ಆಮೇಲೆ?"

"ಆಮೇಲೆ ಇದ್ದ ಹಾಗೇ ಇಡ್ತೀವಿ. ಒಂದೊಂದು ಮೂಲೇದೂ ಫೋಟೋ ತಗೋತೀವಿ" ಎಂದ ದಢೂತಿ.

ಫೋಟೋದಲ್ಲಿ ಇಂಚು ಕಾಣುತ್ತದೆಯೇ? ನಕ್ಷೆ ತೋರಿಸಿದೆ. ಆತ ಅದನ್ನು ನೋಡಿ, ನನ್ನನ್ನು ನೋಡಿ, "ಅಪ್ಪಾ ದೇವರೇ" ಎಂದ. ಆ ದಢೂತಿಗೆ ನಾನು ಮೇಸ್ತ್ರಿ ಎಂದು ಹೆಸರಿಟ್ಟಿದ್ದೇನೆ.

ಅಷ್ಟರಲ್ಲಿ ಅಕ್ಕ ಮತ್ತು ಧ್ವನಿಯವನು ಹಳೆ ಸ್ನೇಹಿತರಾಗಿದ್ದರು. ಇಬ್ಬರೂ ಕಣ್ಣುಮುಚ್ಚಿ ನಿಂತು ಮನೆಯ ಸದ್ದು ಲೆಕ್ಕ ಹಾಕುತ್ತಿದ್ದರು. ಅವನು ಐದು ಹೇಳಿದ. ಅಕ್ಕ ಒಂಬತ್ತು ಹೇಳಿದಳು. ಮಹಡಿಯ ತೊಟ್ಟಿಕ್ಕುವ ನಲ್ಲಿ ಅದರಲ್ಲೊಂದು. ನನಗೇ ಗೊತ್ತಿರಲಿಲ್ಲ. ರಿಪೇರಿ ಮಾಡಿಸಬೇಕು.

ಮಾರ್ಚ್ 9, ಸೋಮವಾರ

ಬೆಳಿಗ್ಗೆ ಏಳಕ್ಕೆ ಲಾರಿ ಬಂತು. ಹನ್ನೆರಡು ಜನ. ಮೊದಲೇ ಹೇಳಿದ್ದೆ, ಎಳೆಯಬಾರದು, ಎತ್ತಬೇಕು ಎಂದು. ಎತ್ತಿದರು. ಸೋಫಾ, ಮೇಜು, ಆರು ಕುರ್ಚಿ, ಪುಸ್ತಕದ ಬೀರು, ಎಲ್ಲ ಹೊರಗಿನ ಶೆಡ್ಡಿಗೆ ಹೋದವು. ನೆಲದ ಮೇಲೆ ಉಳಿದದ್ದು ನನ್ನ ಚುಕ್ಕಿಗಳು ಮಾತ್ರ.

ಅವನ್ನು ಕಂಡು ಮೇಸ್ತ್ರಿಗೆ ತಲೆ ಕೆಟ್ಟಿತು. ಜಾಹೀರಾತಿನ ದ್ರಾವಣವನ್ನೇ ಸುರಿದು ಉಜ್ಜಿಸಿದ. ಒಂದೂ ಹೋಗಲಿಲ್ಲ. ಎಲ್ಲ ಕಲೆಯನ್ನೂ ಒಂದೇ ಸಲ ಒರೆಸಿ ತೆಗೆಯುವ ದ್ರಾವಣವಂತೆ ಅದು! ಕಡೆಗೆ ಕಂಪ್ಯೂಟರ್‌ನಲ್ಲಿ ಅಳಿಸುತ್ತೇವೆ ಎಂದರು.

"ಯಾವ ಚುಕ್ಕಿ?" ಎಂದಳು ಅಕ್ಕ.

ಯಾರೋ ಹೇಳಿಬಿಟ್ಟರು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. "ಕುರುಡಿಗೋಸ್ಕರ ನೆಲಕ್ಕೆ ಕೆಂಪು ಬಣ್ಣ ಹಚ್ಚಿದಾನೆ! ಕಣ್ಣಿರೋರ ಬುದ್ಧಿ ನೋಡಿ!" ಹನ್ನೆರಡು ಜನರೂ ನಕ್ಕರು. ಚುಕ್ಕಿ ಇರುವುದು ಅವಳಿಗಲ್ಲ, ನನಗೆ ಎಂದು ವಿವರಿಸಲು ಹೋದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ನಗು ನಿಂತ ಮೇಲೆ ಅವಳು ಹೊಸ್ತಿಲಲ್ಲೇ ನಿಂತಿದ್ದಳು.

"ಈಗ ಏನಿದೆ ಒಳಗೆ?"

"ಏನೂ ಇಲ್ಲಕ್ಕ."

"ಏನೂ?"

"ಒಂದು ಕಡ್ಡೀನೂ ಇಲ್ಲ. ಎದುರು ಗೋಡೆವರೆಗೂ ಬರೀ ನೆಲ."

ಅಕ್ಕ ನಡೆದಳು. ದಿನಾ ನಡೆಯುವುದು ಎಡಗೈಯಿಂದ ಸೋಫಾದ ಬೆನ್ನು ಸವರುತ್ತ, ಬಲಗೈ ಮುಂದೆ ಚಾಚಿ, ಮನಸ್ಸಿನಲ್ಲೇ ಎಣಿಸುತ್ತ. ಇವತ್ತು ಎರಡೂ ಕೈ ಬೀಸಿಕೊಂಡು ಹೊರಟಳು. ಎದುರು ಗೋಡೆಗೆ ಹೋಗಿ ಅಂಗೈಯಿಂದ ಪಟ್ಟೆಂದು ಬಡಿದು ತಿರುಗಿದಳು. ಎರಡನೇ ಸಲ ಬಿರುಸಾಗಿ. ಮೂರನೇ ಸಲ ಹೆಚ್ಚುಕಡಿಮೆ ಓಡಿದಳು. ಕೆಲಸದವರೆಲ್ಲ ಕೈಯಲ್ಲಿದ್ದುದನ್ನು ಹಾಗೇ ಹಿಡಿದು ನಿಂತಿದ್ದರು.

"ಅಕ್ಕಾ, ನಿಧಾನ! ಬೀಳ್ತೀಯ!"

"ಸುಮ್ನಿರೋ! ಯಾವುದಕ್ಕೆ ಬೀಳಲಿ, ಗಾಳಿಗಾ?"

ನಾನು ಎರಡೂ ಕೈ ಚಾಚಿಕೊಂಡೇ ನಿಂತಿದ್ದೆ. ಹೆದರಿಕೆ, ಮತ್ತೇನಿಲ್ಲ.

ಮಾರ್ಚ್ 10, ಮಂಗಳವಾರ

ನಟಿ ಮೂವತ್ತೊಂದು ಸಲ ಜಾರಿದಳು. ಪಾಪ, ಹುಡುಗಿಗೆ ಸೊಂಟ ಉಳುಕಿರಬೇಕು. ಅಕ್ಕ ಧ್ವನಿಯವನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ. "ಹತ್ತೊಂಬತ್ತನೇದು ಚೆನ್ನಾಗಿತ್ತು, ಕಾಲು ತಡವರಿಸಲಿಲ್ಲ" ಎಂದಳು. ನಿರ್ದೇಶಕಿ ಚಿತ್ರ ಹಿಂದಕ್ಕೆ ಓಡಿಸಿ ನೋಡಿದರೆ ನಿಜವಾಗಿಯೂ ಹತ್ತೊಂಬತ್ತನೆಯದೇ ಚೆನ್ನಾಗಿತ್ತಂತೆ. ಈಗ ಅಕ್ಕನನ್ನು ಹಿಡಿಯುವವರಿಲ್ಲ.

ನಾನು ಹಿತ್ತಲಲ್ಲಿ ಟವೆಲ್ ಮಡಚಿದೆ. ನನ್ನನ್ನು ಯಾರೂ ಏನೂ ಕೇಳುತ್ತಿಲ್ಲ.

ಮಾರ್ಚ್ 11, ಬುಧವಾರ

ಹಳೆಯ ಗಡಿ ತಕರಾರೊಂದರಲ್ಲಿ ಸಾಕ್ಷಿ ಹೇಳಲು ಎರಡು ದಿನ ಹೋಗಬೇಕು. ಕೋರ್ಟಿನವರಿಗೆ ಇದೇ ವಾರ ಸಿಕ್ಕಿತು. ಅಕ್ಕನ ಜೊತೆಗೆ ಪಕ್ಕದ ಮನೆಯ ನರ್ಸಮ್ಮ ಮಲಗುತ್ತಾರೆ. ಮೇಸ್ತ್ರಿಗೆ ನಕ್ಷೆಯ ಪ್ರತಿ ಕೊಟ್ಟು, ಇಂಚು ಇಂಚೂ ಹೇಳಿ, ಆತನ ಬಾಯಿಂದ ಮತ್ತೆ ಹೇಳಿಸಿ ಹೊರಟಿದ್ದೇನೆ. "ನಾನಿದೀನಲ್ಲ, ನೋಡ್ಕೋತೀನಿ" ಎಂದಳು ಅಕ್ಕ. ನೋಡಿಕೊಳ್ಳುತ್ತಾಳಂತೆ!

ಮಾರ್ಚ್ 13, ಶುಕ್ರವಾರ

ಅಕ್ಕ ಬಿದ್ದಳು. ನನ್ನಿಂದಲೇ. ಮತ್ತೆ.

ತುಟಿ ಒಡೆದಿದೆ, ಎಡ ಮಂಡಿ ಊದಿದೆ. ಮೂಳೆಗೆ ಏನಾಗಿಲ್ಲ ಎಂದು ನರ್ಸಮ್ಮ ಹಿಚುಕಿ ನೋಡಿ ಹೇಳಿದರು. ಬರೆಯಲು ಆಗುತ್ತಿಲ್ಲ.

ಮಾರ್ಚ್ 14, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಎರಡೂವರೆಗೆ ಮನೆಗೆ ಬಂದೆ. ಚಿತ್ರದವರು ಗುರುವಾರವೇ ಹೋಗಿದ್ದರು. ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದಳು. ನಡುಮನೆ ನೋಡಿದರೆ ನನ್ನ ಜೀವ ಬಾಯಿಗೆ ಬಂತು. ಸೋಫಾ ಕಿಟಕಿಯ ಕೆಳಗೆ. ಊಟದ ಮೇಜು ಅಡುಗೆಮನೆಯ ಗೋಡೆಗೆ. ಬೀರು ಮೂಲೆಗೆ. ಒಂದಾದರೂ ಚುಕ್ಕಿಯ ಮೇಲಿರಲಿಲ್ಲ. ನಡುವೆ ಬಟಾಬಯಲು. ಮೇಸ್ತ್ರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೆಲಸಗಳ್ಳ, ಹೇಗೆ ಬೇಕೋ ಹಾಗೆ ಒತ್ತರಿಸಿ ಕೈತೊಳೆದುಕೊಂಡಿದ್ದಾನೆ ಎಂದುಕೊಂಡೆ.

ಅಕ್ಕ ಏಳುವ ಹೊತ್ತು ನಾಲ್ಕು ಗಂಟೆ. ಅಷ್ಟರೊಳಗೆ ಸರಿಮಾಡದಿದ್ದರೆ ಸೋಫಾದ ಬೆನ್ನಿಗೆಂದು ಕೈ ಚಾಚುತ್ತಾಳೆ, ಸೋಫಾ ಇರುವುದಿಲ್ಲ. ಒಬ್ಬನೇ ಎತ್ತಿದೆ. ಸದ್ದಾದರೆ ಏಳುತ್ತಾಳೆಂದು ಕಾಲುಗಳಿಗೆ ಟವೆಲ್ ಸುತ್ತಿ ಸರಿಸಿದೆ. ಟೇಪು ಹಿಡಿದು ಅಳೆದೆ. ನಾಲ್ಕು ಅಡಿ ಎರಡು ಇಂಚು. ಕೊನೆಯ ಕುರ್ಚಿಯನ್ನು ಚುಕ್ಕಿಗೆ ಕೂರಿಸಿ ಬೆನ್ನು ನೆಟ್ಟಗೆ ಮಾಡಿದಾಗ ನಾಲ್ಕಕ್ಕೆ ಐದು ನಿಮಿಷ. ಅಬ್ಬಾ, ಬಚಾವಾದೆ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಬಾಗಿಲು ತೆರೆಯಿತು. "ಪುಟ್ಟು, ಬಂದ್ಯಾ? ಚಪ್ಪಲಿ ವಾಸನೆ ಬರ್ತಿದೆ. ಇಲ್ನೋಡು ಒಂದು ಮಜಾ ತೋರಿಸ್ತೀನಿ!" ಎಂದಳು. ಎರಡೂ ಕೈ ಬೀಸಿಕೊಂಡು, ತಲೆಯೆತ್ತಿ, ಬಿರಬಿರನೆ ಬಂದಳು. ನಾಲ್ಕು ಅಡಿ ಎರಡು ಇಂಚು ಬಂದಳು.

ನಾನು ಅಕ್ಕಾ ಎಂದು ಕೂಗುವುದಕ್ಕೂ ಅವಳು ಸೋಫಾದ ಮೇಲಿಂದ ಆ ಕಡೆಗೆ ಮಗುಚಿಕೊಳ್ಳುವುದಕ್ಕೂ ಸರಿಹೋಯಿತು.

ಮೇಸ್ತ್ರಿ ಕೆಲಸಗಳ್ಳನಲ್ಲ. ಆತ ನಕ್ಷೆ ಹಿಡಿದೇ ಜೋಡಿಸಲು ಬಂದಿದ್ದನಂತೆ. ಅಕ್ಕನೇ ತಡೆದಳಂತೆ. ಎಲ್ಲವನ್ನೂ ಗೋಡೆಗೆ ಸರಿಸಿ ನಡುವೆ ಬಿಡಿ, ನನಗೆ ನಡೆಯಲು ಜಾಗ ಬೇಕು ಎಂದಳಂತೆ. ಒಂದು ಹಗಲು ಪೂರ್ತಿ ಅಭ್ಯಾಸ ಮಾಡಿದಳಂತೆ. ನನಗೆ ತೋರಿಸಬೇಕೆಂದು.

ತುಟಿಗೆ ಹತ್ತಿ ಒತ್ತುತ್ತ ನಾನು "ನಿನಗೋಸ್ಕರ ತಾನೇ ಮಾಡಿದ್ದು" ಎಂದೆ. ಇಡೀ ಜಗತ್ತಿನಲ್ಲಿ ಆಡಬಾರದಿದ್ದ ಮಾತು ಅದೊಂದೇ ಇರಬೇಕು.

"ನನಗೋಸ್ಕರ!" ಅಕ್ಕ ನನ್ನ ಕೈ ತಳ್ಳಿದಳು. "ಹನ್ನೊಂದು ವರ್ಷ ಆಯ್ತು ಕಣೋ. ಇದೇ ಸೋಫಾ, ಇದೇ ಮೇಜು, ಇದೇ ಹದಿನಾಲ್ಕು ಹೆಜ್ಜೆ. ಎಂಟಕ್ಕೆ ಎಡಕ್ಕೆ ತಿರುಗು, ಹನ್ನೊಂದಕ್ಕೆ ಬಲಕ್ಕೆ ತಿರುಗು. ಗಾಣದ ಎತ್ತಾದ್ರೂ ಒಂದಿನ ಬೇರೆ ದಾರಿ ನೋಡುತ್ತೆ. ಒಂದು ಸಲ, ಒಂದೇ ಒಂದು ಸಲ, ಅಕ್ಕ ನಿನಗೆ ಹೇಗೆ ಬೇಕು ಅಂತ ಕೇಳಿದ್ಯಾ?"

"ನೀನು ಬೀಳಬಾರದು ಅಂತ..."

"ಬಿದ್ದರೆ ಏಳ್ತೀನಿ. ಕಣ್ಣು ಹೋಗಿದ್ದು ನನ್ನದು. ಹೆದರಿಕೆ ಪೂರ್ತಿ ನಿನ್ನದು. ಅದನ್ನೂ ನಾನೇ ಹೊತ್ಕೊಂಡು ತಿರುಗಬೇಕಾ?"

ಬಾಗಿಲು ಹಾಕಿಕೊಂಡಳು.

ಮಾರ್ಚ್ 15, ಭಾನುವಾರ

ಮಾತಿಲ್ಲ. ಗಂಜಿ ಕೋಣೆಗೇ ಕೊಟ್ಟೆ. ಬಟ್ಟಲು ಖಾಲಿಯಾಗಿ ಬಂತು, ಅಷ್ಟೇ ಸಮಾಧಾನ. ಬುಕಿಂಗ್ ಫೋನ್‌ಗಳನ್ನು ನಾನೇ ಎತ್ತಿದೆ. ಒಬ್ಬ, "ಮೇಡಂ ಇಲ್ವಾ? ಅವರ ಹತ್ರಾನೇ ಮಾತಾಡ್ತೀನಿ" ಎಂದು ಇಟ್ಟುಬಿಟ್ಟ.

ಮಾರ್ಚ್ 16, ಸೋಮವಾರ

ಕೋಣೆಯ ಬಾಗಿಲಲ್ಲಿ ನಿಂತು ಹತ್ತು ನಿಮಿಷ ಗಂಟಲು ಸರಿಮಾಡಿಕೊಂಡೆ.

"ಕೆಮ್ಮಿದ್ದು ಸಾಕು, ಒಳಗೆ ಬಾ."

"ಅಕ್ಕ, ಸೋಫಾ ಎಲ್ಲಿಡಲಿ?"

ಅವಳು ಮಂಚದಿಂದ ಕಾಲು ಇಳಿಬಿಟ್ಟಳು. ಆಮೇಲೆ, "ಕೈ ಕೊಡು" ಎಂದಳು. ಮಂಡಿ ಇನ್ನೂ ನೋಯುತ್ತಿತ್ತು. ಮೆಲ್ಲಗೆ ಕರೆದುಕೊಂಡು ಬಂದೆ.

ಮೂರು ಗಂಟೆ ಹೊತ್ತು ಮನೆ ಸರಿಸಿದೆವು. ಅಂದರೆ ಅವಳು ಹೇಳಿದಳು, ನಾನು ಎತ್ತಿದೆ. ಸೋಫಾ ಮೊದಲು ಕಿಟಕಿಯ ಕೆಳಗೆ. ಕೂತು ನೋಡಿ, ಬಿಸಿಲು ಬೆನ್ನಿಗೆ ಬೀಳುತ್ತದೆ, ಮುಖಕ್ಕೆ ಬೀಳಲಿ ಎಂದಳು. ತಿರುಗಿಸಿದೆ. ಬೀರು ಬಾಗಿಲ ಪಕ್ಕಕ್ಕೆ. ಬೇಡ, ಬಾಗಿಲ ಸದ್ದು ಮಂಕಾಯಿತು, ಆಚೆಗೆ. ಮತ್ತೆ ಈಚೆಗೆ. ಸೊಂಟ ಬಿದ್ದುಹೋಯಿತು. ಮೇಜು ಗೋಡೆಗೆ ಒಂದಿಷ್ಟು ದೂರವಿರಲಿ, ಒಬ್ಬರು ತೂರುವಷ್ಟು ಎಂದಳು. ಅವಳನ್ನೇ ತೂರಿಸಿ ನೋಡಿದೆ. ನಡುವೆ ದೊಡ್ಡ ಜಾಗ ಉಳಿಯಿತು.

"ಅತಿಥಿಗಳು ಕುರ್ಚಿ ಎಳೆದರೆ?" ಎಂದು ಕೇಳಿದೆ. ಕೇಳದಿರಲು ಆಗಲಿಲ್ಲ.

"ಎಳೀಲಿ. ಬಾಯಿಲ್ವಾ? 'ಮೇಡಂ, ಇಲ್ಲಿ ಕುರ್ಚಿ ಇದೆ' ಅಂತ ಹೇಳಲಿ. ಇಪ್ಪತ್ತೆಂಟು ವರ್ಷ ನಾನು ಇಡೀ ಊರಿಗೇ ದಾರಿ ಹೇಳಿದೀನಿ. ನನಗೊಂದು ದಾರಿ ಹೇಳಿದರೆ ಅವರ ಗಂಟೇನು ಹೋಗುತ್ತೆ?"

ಕುಂಟುತ್ತಲೇ ಒಮ್ಮೆ ಆಚೆ ಗೋಡೆವರೆಗೆ ಹೋಗಿಬಂದಳು. ನಾನು ಜೊತೆಗೆ ಹೋಗಲು ಎದ್ದೆ. ಮತ್ತೆ ಕೂತೆ. ಬಿಸಿಲು ಸೋಫಾದ ಮೇಲೆ ಚೆನ್ನಾಗಿ ಬೀಳುತ್ತದೆ. ಇಷ್ಟು ವರ್ಷ ಆ ಕಿಟಕಿಯ ಕೆಳಗೆ ಏನಿತ್ತು ಎಂದು ನೆನಪಿಸಿಕೊಳ್ಳಲು ಹೋದೆ, ತಕ್ಷಣ ನೆನಪಾಗಲಿಲ್ಲ.

ಮಾರ್ಚ್ 19, ಗುರುವಾರ

ನಲ್ಲಿ ರಿಪೇರಿಯಾಯಿತು. ಈಗ ಮನೆಯಲ್ಲಿ ಎಂಟೇ ಸದ್ದು ಎಂದಳು ಅಕ್ಕ. ನಿರ್ದೇಶಕಿ ಫೋನ್ ಮಾಡಿ ಇನ್ನೊಂದು ಚಿತ್ರೀಕರಣಕ್ಕೆ ಕೇಳಿದಳು, ಕಿಟಕಿ ಪರದೆಯ ಜಾಹೀರಾತಂತೆ. ಅಕ್ಕ ರಿಸೀವರ್ ಮುಚ್ಚಿ ಹಿಡಿದು ನನ್ನನ್ನು ಕೇಳಿದಳು, "ಏನನ್ನಲಿ?" ನನ್ನನ್ನು ಕೇಳಿದಳು! ಬಂದರೆ ಬರಲಿ, ಆ ಮೇಸ್ತ್ರಿಗೆ ನಾನೊಂದು ಕ್ಷಮೆ ಕೇಳುವುದಿದೆ ಎಂದೆ.

ಮಾರ್ಚ್ 22, ಭಾನುವಾರ

ಬೆಳಿಗ್ಗೆ ಮಹಡಿಯವರಿಗೆಂದು ಒಗೆದ ಟವೆಲ್‌ಗಳನ್ನು ಗಲ್ಲದವರೆಗೆ ಪೇರಿಸಿಕೊಂಡು ಹಿತ್ತಲಿನಿಂದ ಬರುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಏನೋ ಮೊಣಕಾಲಿಗೆ ರಪ್ಪೆಂದು ಬಡಿಯಿತು. ಟವೆಲ್ ಒಂದು ಕಡೆ, ನಾನೊಂದು ಕಡೆ. ನೋಡಿದರೆ ಸ್ಟೂಲು, ದಾರಿಯ ನಟ್ಟನಡುವೆ.

"ಯಾರಿಟ್ಟಿದ್ದು ಇದನ್ನ ಇಲ್ಲಿ!"

"ಅಯ್ಯಯ್ಯೋ, ನಾನು ಕಣೋ!" ಅಕ್ಕ ಒಲೆಯ ಕಡೆಯಿಂದ ಬಂದಳು. "ಮೇಲಿನ ಡಬ್ಬ ತೆಗೆಯೋಕೆ ತಂದೆ. ಅಷ್ಟರಲ್ಲಿ ಫೋನ್ ಬಂತು, ಎತ್ತಿಡೋಕೆ ಮರೆತೇಬಿಟ್ಟೆ. ಎಲ್ಲಿ? ಎಲ್ಲಿ ತಾಗ್ತು?" ನೆಲದ ಮೇಲೆ ಕೂತು, ತಡಕಿ ನನ್ನ ಮಂಡಿ ಹುಡುಕಿಕೊಂಡು, ಸೊಟ್ಟಗಾದ ಆ ಬಲಗೈಯಿಂದಲೇ ತಿಕ್ಕತೊಡಗಿದಳು.

"ಪರವಾಗಿಲ್ಲ ಬಿಡಕ್ಕ. ಬೇಕಂತ ಇಟ್ಯಾ ನೀನು?"

ಅವಳ ಕೈ ನಿಂತಿತು.

"ಎಷ್ಟು ಸಲೀಸಾಗಿ ಅಂದುಬಿಟ್ಟೆ ನೋಡು" ಎಂದಳು. ದನಿ ಸಣ್ಣದಾಗಿತ್ತು. "ಅವತ್ತು ಕೈ ಮುರಿದಾಗ ಆಸ್ಪತ್ರೆಗೆ ಹೋಗ್ತಾ ನಾನೂ ಇದೇ ಅಂದಿದ್ದೆ ಪುಟ್ಟು. ಮೂರು ಸಲ ಅಂದೆ. ನೀನು ಹೋ ಅಂತ ಅಳ್ತಾ ಇದ್ದೆ. ನಿನ್ನ ಕಿವಿಗೆ ಹೋಗಲೇ ಇಲ್ಲ. ಆಮೇಲೆ ನೀನು ಟೇಪು ಹಿಡ್ಕೊಂಡು ಓಡಾಡೋ ಸದ್ದು ಕೇಳಿಸ್ತು. ಹೋಗಲಿ, ಅಳೆದರೆ ಸಮಾಧಾನ ಆಗುತ್ತೇನೋ, ಅಳೀಲಿ ಅಂತ ಸುಮ್ಮನಾದೆ."

ಐವತ್ತೇಳು ವರ್ಷದ ಗಂಡಸು ನಾನು, ಅಡುಗೆಮನೆಯ ಬಾಗಿಲಲ್ಲಿ ಟವೆಲ್‌ಗಳ ಮೇಲೆ ಕೂತು ಅತ್ತೆ. ಅಕ್ಕ ತಿಕ್ಕುತ್ತಲೇ ಇದ್ದಳು.

"ಈಗ ಹೇಳು" ಎಂದೆ, ಮೂಗು ಒರೆಸಿಕೊಂಡು.

"ಏನು?"

"ಅದನ್ನೇ. ಈಗ ಕೇಳಿಸುತ್ತೆ."

"ಪರವಾಗಿಲ್ಲ ಬಿಡೋ" ಎಂದಳು ಅಕ್ಕ.

ಟವೆಲ್‌ಗಳನ್ನು ಮತ್ತೆ ಒಗೆಯಬೇಕಾಯಿತು. ಮಹಡಿಯವರಿಗೆ ಕೊಡುವಷ್ಟರಲ್ಲಿ ಮಧ್ಯಾಹ್ನವಾಯಿತು.